ಗೋದಾಮು ಕಟ್ಟುವ ಲೆಕ್ಕ: ಒಂದು ಪಟ್ಟಿ ನಕ್ಷೆ
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ನೆನಪಿಗೆ ಒಂದು ಗೋದಾಮು ಕಟ್ಟಬೇಕು ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಎಲ್ಲರೂ ಕೇಳೋದು ಒಂದೇ ಮಾತು: "ಮಳೆಗಾಲಕ್ಕೆ ಮುಂಚೆ ಮುಗಿಯುತ್ತಾ?" ಕೇಳಲೇಬೇಕಾದ ಮಾತು. ಜೂನ್‌ನಲ್ಲಿ ಮುಂಗಾರು ಶುರುವಾಗುತ್ತೆ, ಗೊಬ್ಬರದ ಲೋಡು ಬಂದಿಳಿಯುತ್ತೆ. ಯೂರಿಯಾಕ್ಕೆ ತೇವ ತಾಗಿದರೆ ಗಂಟು ಕಟ್ಟುತ್ತೆ. ಆ ನಷ್ಟ ಸಂಘದ್ದು, ಅಂದರೆ ನಮ್ಮೆಲ್ಲರದ್ದು.

ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳಬಾರದು, ಗೀಟು ಹಾಕಿ ತೋರಿಸಬೇಕು. ನಮ್ಮ ಮಕ್ಕಳು ಶಾಲೆಯ ಗಣಿತದಲ್ಲಿ ಪಟ್ಟಿ ನಕ್ಷೆ ಬರೆಯುತ್ತಾರಲ್ಲ, ಅದನ್ನೇ ಅಡ್ಡ ಮಲಗಿಸಿ ವಾರಗಳ ಮೇಲೆ ಇಟ್ಟರೆ ಕೆಲಸದ ನಕ್ಷೆ ಆಗುತ್ತೆ. ಇಂಜಿನಿಯರುಗಳು ಇದಕ್ಕೆ ಬಾರ್ ಚಾರ್ಟ್ ಅಥವಾ ಗ್ಯಾಂಟ್ ಚಾರ್ಟ್ ಅನ್ನುತ್ತಾರೆ. ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ (1861–1919) ಇದನ್ನು ಬಳಕೆಗೆ ತಂದವರು. ಅವರಿಗಿಂತ ಮುಂಚೆ 1896ರಲ್ಲೇ ಪೋಲೆಂಡಿನ ಕರೋಲ್ ಅದಮಿಯೆಟ್ಸ್ಕಿ ಎಂಬುವರೂ ಇಂಥದ್ದೊಂದು ನಕ್ಷೆ ಮಾಡಿದ್ದರು.

ಇದರ ಒಳಗುಟ್ಟು ರೈತನಿಗೆ ಹೊಸದಲ್ಲ. ಭತ್ತದ ಒಟ್ಟಲು ಬೆಳೆಯೋಕೆ 25 ದಿನ ಬೇಕು, ಗದ್ದೆ ಹದ ಮಾಡೋಕೆ 15 ದಿನ ಬೇಕು ಅಂತಿಟ್ಟುಕೊಳ್ಳಿ. ನಾಟಿಗೆ 40 ದಿನ ಕಾಯುವವರು ಯಾರಿದ್ದಾರೆ? ಎರಡೂ ಜೊತೆಗೇ ನಡೆಯುತ್ತವೆ, 25 ದಿನಕ್ಕೆ ನಾಟಿ. ಒಂದರ ಹಿಂದೆ ಒಂದು ಬರುವ ಕೆಲಸಗಳ ದಿನ ಕೂಡಬೇಕು. ಜೊತೆಗೆ ನಡೆಯುವ ಕೆಲಸಗಳಲ್ಲಿ ಉದ್ದನೆಯದನ್ನು ಮಾತ್ರ ಹಿಡಿಯಬೇಕು. ಲೆಕ್ಕವೆಲ್ಲ ಇಷ್ಟೇ.

ಈಗ ಗೋದಾಮಿಗೆ ಬರೋಣ. ಒಂದು ಅಂದಾಜು ಹೀಗಿದೆ:

ಅಡಿಪಾಯ, 3 ವಾರ: 1ರಿಂದ 3ನೇ ವಾರ
ಗೋಡೆ, 4 ವಾರ: 4ರಿಂದ 7ನೇ ವಾರ
ವರ್ಕ್‌ಶಾಪಿನಲ್ಲಿ ಕಬ್ಬಿಣದ ಟ್ರಸ್, ಷಟರ್, 5 ವಾರ: 1ರಿಂದ 5ನೇ ವಾರ
ಟ್ರಸ್ ಏರಿಸಿ ಶೀಟು ಹೊದಿಸುವುದು, 2 ವಾರ: 8 ಮತ್ತು 9ನೇ ವಾರ
ನೆಲದ ಕಾಂಕ್ರೀಟು, ಕ್ಯೂರಿಂಗ್ ಸೇರಿ, 3 ವಾರ: 10ರಿಂದ 12ನೇ ವಾರ
ವೈರಿಂಗು, 1 ವಾರ: 10ನೇ ವಾರ

ಒಂದು ಮುಗಿದ ಮೇಲೆ ಇನ್ನೊಂದು ಅಂತ ಕೂತರೆ 18 ವಾರ ಆಗುತ್ತೆ. ಮಾರ್ಚ್ 1ಕ್ಕೆ ಶುರು ಮಾಡಿದರೂ ಜುಲೈ 4ರವರೆಗೆ ಹೋಗುತ್ತೆ, ನಡುಮಳೆ. ನಕ್ಷೆಯಂತೆ ನಡೆಸಿದರೆ 12 ವಾರ, ಮೇ 23ಕ್ಕೆ ಬೀಗದ ಕೈ ನಮ್ಮ ಕೈಯಲ್ಲಿ.

ನಕ್ಷೆ ಇನ್ನೊಂದು ವಿಷಯವನ್ನೂ ಹೇಳುತ್ತೆ. ಟ್ರಸ್ ಎರಡು ವಾರ ತಡವಾದರೂ ಚಿಂತೆಯಿಲ್ಲ, ಗೋಡೆ ಏಳುವುದೇ 7ನೇ ವಾರಕ್ಕೆ. ಆದರೆ ಗೋಡೆ ಒಂದು ವಾರ ತಡವಾದರೆ ಇಡೀ ಗೋದಾಮೇ ಒಂದು ವಾರ ತಡ. ಹಾಗಾಗಿ ಮೇಸ್ತ್ರಿ ಕೂಲಿಯಾಳು ಸಾಲದು ಅಂದಾಗ ಮೊದಲು ಯಾವ ಕೆಲಸಕ್ಕೆ ಆಳು ಕೊಡಬೇಕು ಅನ್ನೋದಕ್ಕೆ ಜಗಳವೇ ಬೇಡ. ದುಡ್ಡಿನ ಮಾತೂ ಹಾಗೇ. ನೆಲಕ್ಕೆ ಬೇಕಾದ ಸಿಮೆಂಟನ್ನು ಮಾರ್ಚ್‌ನಲ್ಲೇ ತಂದು ಪೇರಿಸಿದರೆ ಅದರ ಬಿಗಿ ಕಡಿಮೆಯಾಗುತ್ತೆ, ಸಾಲದ ಬಡ್ಡಿಯೂ ಬೆಳೆಯುತ್ತೆ. ಯಾವ ವಾರಕ್ಕೆ ಎಷ್ಟು ಬೇಕೋ ಅಷ್ಟೇ ಕಂತು ತೆಗೆದರೆ ಸಂಘಕ್ಕೆ ಉಳಿತಾಯ.

ಒಂದು ಮಾತು ಮರೆಯಬಾರದು. ಗೀಟು ಎಳೆದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಪ್ರತಿ ಸೋಮವಾರ, ಆಗಬೇಕಾದ ಪಟ್ಟಿಯ ಕೆಳಗೆ ಆಗಿರುವಷ್ಟನ್ನು ಕೆಂಪು ಪೆನ್ಸಿಲಿನಲ್ಲಿ ಎಳೆಯಬೇಕು. ಕೆಂಪು ಗೀಟು ಹಿಂದೆ ಬಿದ್ದರೆ ಆ ವಾರವೇ ಗೊತ್ತಾಗುತ್ತೆ, ಮೇ ತಿಂಗಳ ಕೊನೆಯಲ್ಲಲ್ಲ. ಪ್ರತಿ ಕೆಲಸದ ಎದುರು ಒಬ್ಬ ನಿರ್ದೇಶಕರ ಹೆಸರೂ ಇರಲಿ. "ಎಲ್ಲರೂ ನೋಡ್ಕೋತೀವಿ" ಅಂದರೆ ಯಾರೂ ನೋಡುವುದಿಲ್ಲ.

ಈ ನಕ್ಷೆಯನ್ನು ಸಂಘದ ಕಚೇರಿಯ ಬಾಗಿಲ ಪಕ್ಕದಲ್ಲೇ ತೂಗುಹಾಕಬೇಕೆಂದು ಆಡಳಿತ ಮಂಡಳಿಯಲ್ಲಿ ನನ್ನ ಮನವಿ. ಡೈರಿಗೆ ಹಾಲು ಹಾಕಿ ಹೋಗುವವರೂ ನಿಂತು ನೋಡಲಿ, ಕೇಳಲಿ. ಇದು ಸದಸ್ಯರ ಷೇರು ಹಣ, ಲೆಕ್ಕ ಗೋಡೆಯ ಮೇಲಿದ್ದರೆ ನಮಗೂ ಗೌರವ, ನಿಮಗೂ ನೆಮ್ಮದಿ.

 ಜೈ ಸಹಕಾರ.