ಪುಲಿಕೇಶಿಗೆ ಯಾವ ಉಡುಪು?



ಕುರಕುಂಭದ ಎಂಐಡಿಸಿಗೆ ಕೆಲಸಕ್ಕೆಂದು ಬಂದು ನೆಲೆಸಿದ ನಿಮ್ಮ ಮನೆಯಲ್ಲೂ ರಾಜ್ಯೋತ್ಸವ ಹತ್ತಿರವಾದರೆ ಈ ಪ್ರಶ್ನೆ ಏಳಬಹುದು. ಮಗನಿಗೆ ಇಮ್ಮಡಿ ಪುಲಿಕೇಶಿಯ ವೇಷ ಹಾಕಬೇಕು, ಏನು ಉಡಿಸೋಣ? ಬಾಡಿಗೆ ಅಂಗಡಿಯಲ್ಲಿ ಸಿಗುವುದು ಮಖಮಲ್ಲಿನ ಜರಿ ಅಂಗಿ. ಅದು ನಾಟಕ ಕಂಪನಿಯ ರಾಜನದು, ವಾತಾಪಿಯ ರಾಜನದಲ್ಲ.

ಇಂಗ್ಲೆಂಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಉಡುಗೆಯನ್ನು ಮತ್ತೆ ನೇಯ್ದು, ಹೊಲಿದು, ತೊಟ್ಟು ತೋರಿಸುವ ಹವ್ಯಾಸಿಗಳಿದ್ದಾರೆ. ಪುಲಿಕೇಶಿ ಆಳುತ್ತಿದ್ದ ಏಳನೇ ಶತಮಾನದ ಮೊದಲ ಭಾಗದಲ್ಲೇ ಅಲ್ಲಿನ ಸಟನ್ ಹೂನಲ್ಲಿ ಒಬ್ಬ ದೊರೆಯನ್ನು ಹಡಗಿನೊಳಗಿಟ್ಟು ಹೂಳಿದರು. 1939ರಲ್ಲಿ ಅದನ್ನು ಅಗೆದು ತೆಗೆದರು. ಈ ಹವ್ಯಾಸಿಗಳು ಕತ್ತರಿ ಹಿಡಿಯುವ ಮೊದಲು ಸಾಕ್ಷಿ ಕೇಳುತ್ತಾರೆ. ಮಣ್ಣಿನಲ್ಲಿ ಬಟ್ಟೆ ಕೊಳೆಯುತ್ತದೆ, ನಿಜ. ಆದರೆ ಆ ಕಾಲದ ಮೊದಲ ಭಾಗದ ಹೆಂಗಸರ ಸಮಾಧಿಗಳಲ್ಲಿ ಎರಡು ಹೆಗಲ ಬಳಿ ಒಂದೊಂದು ಲೋಹದ ಪಿನ್ನು ಸಿಗುತ್ತದೆ. ಅಂದರೆ ನಿಲುವಂಗಿಯನ್ನು ಹೆಗಲ ಮೇಲೆ ಪಿನ್ನಿನಿಂದ ಸಿಕ್ಕಿಸುತ್ತಿದ್ದರು. ಪಿನ್ನಿನ ತುಕ್ಕಿಗೆ ಅಂಟಿ ಉಳಿದ ಎಳೆಗಳಿಂದ ನೇಯ್ಗೆಯೂ ಗೊತ್ತಾಗುತ್ತದೆ.

ಲೋಹ ಹೀಗೆ ಸಾಕ್ಷಿ ಹೇಳಿದ್ದು ನಮ್ಮ ಪುಣೆ ಜಿಲ್ಲೆಯಲ್ಲೂ ಉಂಟು. ಮುಂದೆ ಭೀಮೆಗೆ ಸೇರುವ ಘೋಡ ನದಿಯ ದಡದ ಚಾಂಡೋಲಿಯಲ್ಲಿ ಡೆಕ್ಕನ್ ಕಾಲೇಜಿನವರು 1960ರ ಸುಮಾರಿಗೆ ಅಗೆದಾಗ ತಾಮ್ರದ ಮಣಿಗಳು ಸಿಕ್ಕವು. ತಾಮ್ರದ ಕಿಲುಬು ಒಳಗಿನ ದಾರವನ್ನು ಕೊಳೆಯಗೊಡಲಿಲ್ಲ. ಮೂರು ಸಾವಿರ ವರ್ಷಕ್ಕೂ ಹಿಂದಿನ ಆ ದಾರ ಅಗಸೆ ನಾರಿನದು. ನಮ್ಮ ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ!

ಪುಲಿಕೇಶಿಯ ವಿಷಯದಲ್ಲಿ ನಮಗೆ ಅಷ್ಟು ಕಷ್ಟವೂ ಇಲ್ಲ. ಅವನ ಚಿಕ್ಕಪ್ಪ ಮಂಗಲೇಶ ಮಾಡಿಸಿದ, ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆ ಕಣ್ಣೆದುರಿಗಿದೆ. ಅಲ್ಲಿನ ವಿಷ್ಣುವನ್ನು, ಕಂಬದ ಮೇಲಿನ ದಂಪತಿಗಳನ್ನು ನೋಡಿ. ಸೊಂಟಕ್ಕೆ ತೆಳುವಸ್ತ್ರ, ನಡುಪಟ್ಟಿ, ಕೊರಳಲ್ಲಿ ಹಾರ, ತೋಳಲ್ಲಿ ಬಂದಿ. ಎದೆಯ ಮೇಲೆ ಅಂಗಿಯಿಲ್ಲ. ಹೊಲಿದ ಬಟ್ಟೆ ಆಗ ಇರಲೇ ಇಲ್ಲ ಎನ್ನಬೇಡಿ. ಅಜಂತಾದ ಚಿತ್ರಗಳಲ್ಲಿ ಸೇವಕರು, ಪರದೇಶಿಗಳು ಅಂಗಿ ತೊಟ್ಟಿದ್ದಾರೆ. ಅಲ್ಲಿ ರಾಜರ ಬರಿ ಎದೆಯ ಮೇಲೆ ಮುತ್ತಿನ ಹಾರ!

"ಬರಿಮೈಯ ರಾಜನೇ?" ಎಂದು ಅಜ್ಜಿ ಮೂಗು ಮುರಿಯಬಹುದು. 1967ರ ರಾಜ್‌ಕುಮಾರ್ ಚಿತ್ರ ನೋಡಿದವರಿಗೆ ಇನ್ನೂ ಕಷ್ಟ. ಆಗ ಮಗನಿಗೇ ಬಾದಾಮಿಯ ಫೋಟೋ ಕೊಟ್ಟು, ವೇದಿಕೆಯ ಮೇಲೆ ತೋರಿಸಲು ಹೇಳಿ. ತೆಳುವಾದ ಹತ್ತಿ ಪಂಚೆ, ರಟ್ಟಿನ ಕಿರೀಟ, ಮಣಿಸರ ಸಾಕು. ಸಂಜೆ ಚಳಿಯೆನಿಸಿದರೆ ಮೇಲೊಂದು ಉತ್ತರೀಯ ಹೊದಿಸಿ. ಬಾಡಿಗೆ ದುಡ್ಡೂ ಉಳಿಯಿತು.