ಕುಂದಗೋಳದ ಮೂರು ರಾಗ



ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ರಾತ್ರಿ ಹೊರಟ ಬಸ್ಸುಗಳಿಗೆ ಪುಣೆಯ ಹೆಬ್ಬಾಗಿಲು ಕಾತ್ರಜ. ಘಾಟು ಇಳಿದು ಬಂದರೆ ಊರು ಶುರುವಾಗುತ್ತದೆ. ಈ ದಾರಿಯ ಎರಡೂ ತುದಿಯವರು ನಮ್ಮವರೆಂದು ಹೇಳಿಕೊಳ್ಳುವ ಗಾಯಕರೆಂದರೆ ಪಂಡಿತ ಭೀಮಸೇನ ಜೋಶಿ. ಗದುಗಿನ ನಾಡಿನಲ್ಲಿ 1922ರ ಫೆಬ್ರವರಿ 4ರಂದು ಹುಟ್ಟಿದರು, ಪುಣೆಯಲ್ಲಿ ನೆಲೆನಿಂತರು, 2011ರ ಜನವರಿ 24ರಂದು ಇಲ್ಲಿಯೇ ತೀರಿಕೊಂಡರು. ಅವರಿಗೆ ಬಂದ ಪ್ರಶಸ್ತಿಗಳ ಪಟ್ಟಿ ಎಲ್ಲರಿಗೂ ಗೊತ್ತು. ಅವರು ಹೇಗೆ ಕಲಿತರು ಎಂಬುದರ ಬಗ್ಗೆ ಇವತ್ತು ಮಾತಾಡೋಣ.

ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಹುಡುಗನಿಗೆ ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡು ಕಿವಿಗೆ ಬಿತ್ತು. ಹಾಗೆ ಹಾಡಬೇಕು, ಅದಕ್ಕೊಬ್ಬ ಗುರು ಬೇಕು ಎಂದು ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟ. ವಿಜಾಪುರ, ಪುಣೆ, ಗ್ವಾಲಿಯರ್, ಕಲ್ಕತ್ತಾ, ಜಲಂಧರ್ ಎಂದು ಅಲೆದ. ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನೂರಿನ ಹತ್ತಿರವೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೇ ಹೋಗು ಎಂದು ತಿಳಿಹೇಳಿದರು. ಗದುಗಿನಿಂದ ಕುಂದಗೋಳವೇನು ಅಷ್ಟು ದೂರವೇ! ಆದರೂ ಆ ಅಲೆದಾಟ ದಂಡವಾಯಿತೆಂದು ನನಗೆ ಅನ್ನಿಸುವುದಿಲ್ಲ. ಮುಂದೆ ಬೇರೆ ಬೇರೆ ಘರಾಣೆಗಳ ಚೆಲುವನ್ನು ತಮ್ಮ ಗಾಯನಕ್ಕೆ ಒಗ್ಗಿಸಿಕೊಂಡ ಆ ಕಿವಿ ತೆರೆದದ್ದು ಅಲ್ಲೇ.

ಕುಂದಗೋಳದಲ್ಲಿ ಸುಮಾರು 1936ರಿಂದ ಕೆಲವು ವರ್ಷ ಗುರುಗೃಹವಾಸ. ನೀರು ಹೊರುವುದು, ಮನೆಗೆಲಸ, ಗುರುಸೇವೆ. ಪಾಠ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಸಿಕ್ಕಾಗ ಗುರುಗಳು ಮುಖ್ಯವಾಗಿ ತಿದ್ದಿದ್ದು ಮೂರೇ ರಾಗಗಳನ್ನು: ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ.

ಈ ಮೂರೇ ಯಾಕೆ? ಇಲ್ಲಿ ಸ್ವಲ್ಪ ನಿಲ್ಲೋಣ. ತೋಡಿಗೂ ಮುಲ್ತಾನಿಗೂ ಹತ್ತುವ ಸ್ವರಗಳು ಒಂದೇ: ರಿಷಭ, ಗಾಂಧಾರ, ಧೈವತ ಕೋಮಲ, ಮಧ್ಯಮ ತೀವ್ರ. ಹಾಳೆಯ ಮೇಲೆ ಬರೆದರೆ ಎರಡೂ ಒಂದೇ ರಾಗ ಅನ್ನಿಸಬೇಕು. ಹಾಡಿದರೆ ಒಂದರ ಹತ್ತಿರ ಇನ್ನೊಂದು ಸುಳಿಯುವುದಿಲ್ಲ. ಮುಲ್ತಾನಿ ಏರುವಾಗ ರಿಷಭ, ಧೈವತಗಳನ್ನು ಬಿಟ್ಟು ನಡೆದು ಪಂಚಮದಲ್ಲಿ ತಂಗುತ್ತದೆ. ತೋಡಿಯಲ್ಲಿ ಧೈವತ, ಗಾಂಧಾರಗಳದೇ ದರ್ಬಾರು. ಆ ಗಾಂಧಾರವೋ ಸಾಮಾನ್ಯ ಕೋಮಲಕ್ಕಿಂತಲೂ ಇಳಿದದ್ದು, ಹಾರ್ಮೋನಿಯಂ ಮನೆಯಲ್ಲಿ ಸಿಗದು. ಇನ್ನು ಪೂರಿಯಾದಲ್ಲಿ ಪಂಚಮವೇ ಇಲ್ಲ. ತಂಬೂರಿಯ ಷಡ್ಜವನ್ನೂ ನಿಷಾದವನ್ನೂ ನಂಬಿ ಸ್ವರ ಹಚ್ಚಬೇಕು. ಈ ಮೂರನ್ನು ವರ್ಷಗಟ್ಟಲೆ ತಿಕ್ಕಿದವನಿಗೆ ಸ್ವರ ನಿಲ್ಲಿಸುವುದೂ ಬಂತು, ರಾಗ ಇರುವುದು ನಡೆಯಲ್ಲಿ ಎಂಬ ತಿಳಿವಳಿಕೆಯೂ ಬಂತು. ಅದೇ ಗುರುವಿನ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು.

ಜಪಾನಿನ ಪಿಯಾನೋ ವಾದಕಿ ಮಿತ್ಸುಕೋ ಉಚಿದಾ ಅವರ ಕಲಿಕೆಯನ್ನು ಭೀಮಸೇನರ ಈ ಗುರುಗೃಹವಾಸದ ಪಕ್ಕಕ್ಕಿಟ್ಟು ನೋಡಬಹುದು. 1948ರಲ್ಲಿ ಹುಟ್ಟಿದ ಅವರು ತಂದೆಗೆ ರಾಯಭಾರಿ ಹುದ್ದೆ ಬಂದದ್ದರಿಂದ ಹನ್ನೆರಡರ ವಯಸ್ಸಿಗೆ ವಿಯೆನ್ನಾ ಸೇರಿ ಅಲ್ಲಿನ ಸಂಗೀತ ಅಕಾಡೆಮಿಯಲ್ಲಿ ಕಲಿತರು. 1970ರ ಶೋಪಾನ್ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಪಡೆದು ಜಗತ್ತಿನ ಕಣ್ಣಿಗೆ ಬಿದ್ದರು. ಅಲ್ಲಿ ಬರೆದಿಟ್ಟ ಕೃತಿ ಇದೆ, ಸ್ಪರ್ಧೆಯ ವೇದಿಕೆ ಇದೆ. ನಮ್ಮಲ್ಲಿ ಗುರುವಿನ ಬಾಯಿಂದ ಬಂದದ್ದೇ ಪಾಠ, ಬೈಠಕ್ಕೇ ಪರೀಕ್ಷೆ. ಭೀಮಸೇನರಿಗೆ ಆ ಪರೀಕ್ಷೆ ಬಂದದ್ದು 1946ರಲ್ಲಿ, ಇದೇ ಪುಣೆಯಲ್ಲಿ, ಗುರುಗಳ ಷಷ್ಟ್ಯಬ್ದಿ ಸಮಾರಂಭದ ಕಛೇರಿಯಲ್ಲಿ. ಅಂದಿನಿಂದ ಅವರು ಹಿಂದಿರುಗಿ ನೋಡಲಿಲ್ಲ.

ಆಮೇಲೆ ದೇಶವಿಡೀ ಓಡಾಟ. ಮೋಟಾರನ್ನು ತಾವೇ ಓಡಿಸಿಕೊಂಡು ದೂರದೂರಿನ ಕಛೇರಿಗೆ ಹೋಗುವುದೆಂದರೆ ಅವರಿಗೆ ಬಲು ಇಷ್ಟ. ವಿಮಾನ ಹತ್ತಿ ಯುರೋಪು, ಅಮೆರಿಕ, ಕೆನಡಾಗಳಲ್ಲೂ ಹಾಡಿದರು. ನ್ಯೂಯಾರ್ಕಿನಲ್ಲಿ ಅವರ ಕಛೇರಿಯ ಭಿತ್ತಿಪತ್ರಗಳನ್ನು ಅಂಟಿಸಿದ್ದರು. ಅಲ್ಲಿಗೂ ಅವರು ಒಯ್ದದ್ದು ನಿಧಾನಗತಿಯ ವಿಲಂಬಿತ ಖಯಾಲು, ರಾಗವನ್ನು ಸಾವಧಾನವಾಗಿ ಬೆಳೆಸುವ ಬಢತ್. ಇತ್ತ ದಾಸರ ಪದಗಳಿಂದ ಕನ್ನಡಿಗರ ಮನೆಯನ್ನೂ, ಅಭಂಗಗಳಿಂದ ಮರಾಠಿಗರ ಮನೆಯನ್ನೂ ಹೊಕ್ಕರು. 2008ರಲ್ಲಿ ಭಾರತರತ್ನ ಬಂದಾಗ ಎರಡೂ ಕಡೆ ಹಬ್ಬವಾಯಿತು.

ಗುರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಹೆಸರಿನಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಅದನ್ನು ಬೆಳೆಸಿದವರು ಭೀಮಸೇನರು. ಕುಂದಗೋಳದ ಗುರುವಿಗೆ ಸಂದ ಇದಕ್ಕಿಂತ ದೊಡ್ಡ ಗುರುದಕ್ಷಿಣೆಯನ್ನು ನಾನು ಕಾಣೆ.

ಆ ಉತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಮುಕುಂದನಗರದಲ್ಲಿ. ಕಾತ್ರಜ, ಧನಕವಡಿ ಭಾಗದ ಕನ್ನಡಿಗರು ಸ್ವಾರಗೇಟಿನ ಬಸ್ಸು ಹತ್ತಿದರೆ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಒಂದು ದಿನ ಮನೆಯಲ್ಲಿ ಭೀಮಸೇನರ ತೋಡಿಯನ್ನು ಬೆಳಿಗ್ಗೆ, ಮುಲ್ತಾನಿಯನ್ನು ಇಳಿಹೊತ್ತಿಗೆ ಕೇಳಿಸಿ. ಸ್ವರ ಒಂದೇ, ರಾಗ ಬೇರೆ ಎಂಬುದನ್ನು ಮಕ್ಕಳ ಕಿವಿಯೇ ಹಿಡಿಯುತ್ತದೆ.