ಮೈನಸ್ 40ರ ಗೆರೆ

ಪುಣೆಯಲ್ಲಿ 10 ಡಿಗ್ರಿ ಆದ್ರೆ ನಾವು ಸ್ವೆಟರ್ ಹುಡುಕ್ತೀವಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಕ್ಕೆ ಸೇಂಟ್ ಲೂಯಿಸ್ ಕೌಂಟಿ ಅಂತ ಇದೆ. ಕಾಡು, ಕೆರೆ, ಕಬ್ಬಿಣದ ಗಣಿ. ಅಲ್ಲಿ ಟವರ್ ಅನ್ನೋ ಸಣ್ಣ ಊರಿನ ಹತ್ರ 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 51 ಸೆಲ್ಸಿಯಸ್ ದಾಖಲಾಯ್ತು. ಆ ರಾಜ್ಯದ ದಾಖಲೆ ಅದೇ.

ಇದು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ಹವಾಮಾನ ಸೆನ್ಸರ್‌ಗಳ ಡೇಟಾ ಸೋಸೋ ಕೋಡ್ ಬರೀತಿದ್ದೆ. ಮೈನಸ್ 40ಕ್ಕಿಂತ ಕೆಳಗೆ ಬಂದ್ರೆ ಸೆನ್ಸರ್ ಕೆಟ್ಟಿದೆ, ಬಿಸಾಕು ಅಂತ ಒಂದು ಸಾಲು ಹಾಕಿದ್ದೆ. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳ್ಬೇಡಿ, ಮೈನಸ್ 40ರಲ್ಲಿ ಎರಡೂ ಒಂದೇ.) ಹಳೇ ದಾಖಲೆ ಹಾಕಿ ಟೆಸ್ಟ್ ಮಾಡಿದ್ರೆ ಆ ರಾತ್ರಿಯೇ ಮಾಯ! ಸರಿಯಾಗಿ ಅಳೆದ ಥರ್ಮಾಮೀಟರನ್ನ ನಾನು ಸುಳ್ಳುಗಾರ ಅಂದಿದ್ದೆ.

ಅಂಥ ಚಳಿ ಬರೋದು ಮೋಡ ಇಲ್ಲದ, ಗಾಳಿ ನಿಂತ ರಾತ್ರಿಗಳಲ್ಲಿ. ಹಗಲಿನ ಬಿಸಿಲನ್ನ ಹಿಮ ವಾಪಸ್ ಕಳಿಸುತ್ತೆ. ರಾತ್ರಿ ನೆಲದ ಶಾಖ ಮೇಲೆ ಬರದ ಹಾಗೆ ಕಂಬಳಿ ಥರ ತಡೆಯುತ್ತೆ. ತಣ್ಣಗಾದ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತೆ. ಅದಕ್ಕೇ ಗುಡ್ಡದ ಮೇಲಿಗಿಂತ ತಗ್ಗಿನಲ್ಲಿ ಚಳಿ ಜಾಸ್ತಿ. ಅದೇ ಕೌಂಟಿಯ ಡುಲುತ್‌ನಲ್ಲಿ ಕಥೆ ಬೇರೆ: ಸುಪೀರಿಯರ್ ಸರೋವರ ಚಳಿಗಾಲದಲ್ಲಿ ದಡವನ್ನ ಸ್ವಲ್ಪ ಕಾಪಾಡುತ್ತೆ, ಮೇ ತಿಂಗಳಲ್ಲಿ ಮಾತ್ರ ನಡುಗಿಸುತ್ತೆ.

ಈಗ ನನ್ನ ಕೋಡ್ ಯಾವುದನ್ನೂ ಬಿಸಾಕಲ್ಲ. ಪಕ್ಕದ ಕೇಂದ್ರದ ಜೊತೆ ಹೋಲಿಸಿ, ಅನುಮಾನ ಬಂದ್ರೆ ಗುರುತು ಹಾಕುತ್ತೆ. ಆದ್ರೆ ಪಕ್ಕದ ಕೇಂದ್ರ ಗುಡ್ಡದ ಮೇಲಿದ್ರೆ? ಅದನ್ನ ಇನ್ನೂ ಸರಿ ಮಾಡ್ತಾ ಇದ್ದೀನಿ.